ಯಾಲಕ್ಕಿಯಲ್ಲಿ ಗೆಲ್ಲಲು ಏಳು ಸೂತ್ರಗಳು

ಮಾಗೋಡಿನ ಆಸುಪಾಸು, ಬೇಡ್ತಿ ಕೊಳ್ಳದ ಅಡಿಕೆ ತೋಟಗಳಿಗೆ ಯಾಲಕ್ಕಿ ಹೊಸದಲ್ಲ. ಪಾಯಸಕ್ಕೂ ಬೇಕು, ಕಷಾಯಕ್ಕೂ ಬೇಕು. ಆಯುರ್ವೇದದ ತ್ರಿಜಾತಕದಲ್ಲಿ ದಾಲ್ಚಿನ್ನಿ, ತಮಾಲಪತ್ರೆಗಳ ಜೊತೆ ಇದೂ ಒಂದು. ಅಡಿಕೆ ಮರ ನಾಲ್ಕು ದಿನ ಮರೆತರೆ ಸಹಿಸೀತು, ಯಾಲಕ್ಕಿ ಸಹಿಸದು. ಇದು ಕಣ್ಣಿಟ್ಟು ನೋಡುವವರ ಬೆಳೆ.

1. ಜಾಗ ಆರಿಸಿ. ನೆರಳು, ತಂಪು, ಬೇಸಿಗೆಯಲ್ಲೂ ನೀರು ಇರುವಲ್ಲಿ ಮಾತ್ರ ನೆಡಿ. ನೀರು ನಿಂತರೆ ಗಡ್ಡೆ ಕೊಳೆಯುತ್ತದೆ. ಮಳೆಗೆ ಮೊದಲೇ ಬಸಿಗಾಲುವೆ ಬಿಡಿಸಿ.

2. ತಳಿ ತಿಳಿದು ನೆಡಿ. ನಮ್ಮ ಕಡೆಗೆ ಹೂಗೊಂಚಲು ನೆಲದ ಮೇಲೆ ಹರಿಯುವ ಮಲಬಾರ್ ಬಗೆ ಹೊಂದುತ್ತದೆ. ಮೂಡಿಗೆರೆ-1, ಅಪ್ಪಂಗಳ ಸಂಶೋಧನಾ ಕೇಂದ್ರದ ತಳಿಗಳನ್ನು ವಿಚಾರಿಸಿ. ಕಟ್ಟೆ ರೋಗ ಕಾಡುವಲ್ಲಿ ಅದನ್ನು ತಾಳಿಕೊಳ್ಳುವ ‘ವಿಜೇತ’ ಇದೆ.

3. ಕಟ್ಟೆಗೆ ಕರುಣೆ ಬೇಡ. ಎಳೆ ಎಲೆಯಲ್ಲಿ ತಿಳಿಹಸಿರು ಗೀರು ಕಂಡರೆ ಬುಡಸಮೇತ ಕಿತ್ತು ನಾಶಮಾಡಿ. ಇದು ಗಿಡಹೇನು ಹರಡುವ ವೈರಸ್, ಔಷಧವಿಲ್ಲ. ರೋಗ ಬಂದ ತೋಟದ ಗಡ್ಡೆ ತಂದು ನೆಡಲೇಬೇಡಿ.

4. ದರಕು ಹೊದಿಸಿ, ಹೂ ಮುಚ್ಚಬೇಡಿ. ಸೊಪ್ಪಿನ ಬೆಟ್ಟದ ದರಕು (ಒಣ ಎಲೆ) ಬುಡಕ್ಕೆ ತಂಪು, ಗೊಬ್ಬರ ಎರಡೂ ಹೌದು. ಹೂ ಬಿಡುವ ಕಾಲಕ್ಕೆ ಮಾತ್ರ ಗೊಂಚಲು ದರಕಿನ ಮೇಲಿರಲಿ.

5. ಜೇನು ಸಾಕಿ. ಹೂವಿನ ಆಯುಸ್ಸು ಒಂದೇ ದಿನ. ಬೆಳಗಿನ ಹೊತ್ತು ತುಡುವೆ ಜೇನು ಬಂದರೆ ಕಾಯಿ ಕಟ್ಟುತ್ತದೆ. ಆ ಹೊತ್ತಿನಲ್ಲಿ ಕೀಟನಾಶಕ ಹೊಡೆಯುವವರು ತಮ್ಮ ಬೆಳೆಯನ್ನೇ ಹೊಡೆದಂತೆ.

6. ಮಳೆಗಾಲಕ್ಕೆ ಮುಂಚೆ ಸಜ್ಜಾಗಿ. ಒಣಗಿದ ಎಲೆ, ಹಳೆ ದಂಟು ತೆಗೆದು ಗಾಳಿಯಾಡುವಂತೆ ಮಾಡಿ. ಅಡಿಕೆ ಕೊಳೆಗೆ ಮಾಡುವ ಶೇಕಡಾ 1ರ ಬೋರ್ಡೋ ದ್ರಾವಣ ಯಾಲಕ್ಕಿಯ ಕೊಳೆಗೂ ಆಗುತ್ತದೆ.

7. ಕೊಯ್ಲಿಗೆ ಅವಸರ ಬೇಡ, ಒಣಗಿಸಲು ತಡ ಬೇಡ. ಒಂದೇ ಗೊಂಚಲಿನ ಕಾಯಿ ಒಟ್ಟಿಗೆ ಬಲಿಯುವುದಿಲ್ಲ. ಮೂರು ನಾಲ್ಕು ವಾರಕ್ಕೊಮ್ಮೆ, ಬೀಜ ಕಪ್ಪಾದದ್ದನ್ನಷ್ಟೇ ಬಿಡಿಸಿ. ಬಿಸಿಲಿಗೆ ಹಾಕಿದರೆ ಹಸಿರು ಹೋಗಿ ದರ ಇಳಿಯುತ್ತದೆ. 45–55 ಡಿಗ್ರಿ ಶಾಖದ ಗೂಡಿನಲ್ಲಿ ನಿಧಾನ ಒಣಗಿಸಿ. ಐದು ಕಿಲೊ ಹಸಿಗೆ ಒಂದು ಕಿಲೊ ಆಸುಪಾಸು ಒಣ ಯಾಲಕ್ಕಿ ಸಿಗುತ್ತದೆ.

ನೆಟ್ಟು ಮೂರನೇ ವರ್ಷಕ್ಕೆ ಫಸಲು ಕಾಣುವ ಗಿಡವಿದು. ಹಾಗಾಗಿ ಇಡೀ ತೋಟಕ್ಕೆ ಒಮ್ಮೆಲೇ ಕೈಹಾಕಬೇಡಿ. ಹಳ್ಳದ ಬದಿಯ ಒಂದು ಸಾಲು ಈ ಮಳೆಗಾಲ ನೆಡಿ. ಅದನ್ನು ಉಳಿಸಿಕೊಂಡ ಮೇಲೆ ಎರಡನೆಯದರ ಮಾತು.