ಕ್ಯೂ ಕೋಲಿನ ಆರೈಕೆ

ಬಿಲಿಯರ್ಡ್ಸ್, ಸ್ನೂಕರ್ ಮೊದಲಾದವು ಶ್ರೀಮಂತರ ಆಟಗಳೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಸ್ನೂಕರ್ ಹುಟ್ಟಿದ್ದು ನಮ್ಮ ದೇಶದ ಜಬಲ್ಪುರದಲ್ಲಿ, 1875ರ ಸುಮಾರಿಗೆ ಎಂಬುದು ಪ್ರಚಲಿತ ಇತಿಹಾಸ. 1958ರಲ್ಲಿ ವಿಲ್ಸನ್ ಜೋನ್ಸ್ ಅವರು ಕಲ್ಕತ್ತೆಯಲ್ಲಿ ಬಿಲಿಯರ್ಡ್ಸಿನ ವಿಶ್ವ ಅಮೆಚೂರ್ ಪ್ರಶಸ್ತಿ ಗೆದ್ದರು. ನಮ್ಮ ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಅಡ್ವಾಣಿಯವರು 2003ರಲ್ಲಿ ಸ್ನೂಕರಿನ ಅಂಥದೇ ಪ್ರಶಸ್ತಿ ಪಡೆದರು. ಇಂಥವರ ಆಟವನ್ನು ಹೊಗಳಿ ಬರೆಯುವವರು ಅನೇಕರಿದ್ದಾರೆ. ನಾನು ಬರೆಯಹೊರಟಿರುವುದು ಆಟಗಾರನ ಕೈಯ ಕೋಲನ್ನು ಕುರಿತು.

ಇದನ್ನು ಬರೆಯಲು ನನಗಿರುವ ಅಧಿಕಾರ ಇಷ್ಟೇ: ನಾನು ಬಡಗಿಯ ಮಗ, ಸಂಜೆಯ ಹೊತ್ತು ಒಂದು ಬಿಲಿಯರ್ಡ್ಸ್ ಕೊಠಡಿಯಲ್ಲಿ ಮಾರ್ಕರ್ ಒಬ್ಬರಿಗೆ ಸಹಾಯಕನಾಗಿ ದುಡಿದು ಕಾಲೇಜಿನ ಶುಲ್ಕಕ್ಕೆ ಹೊಂದಿಸಿಕೊಳ್ಳುತ್ತೇನೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಆದರೂ ಕ್ಯೂವಿನ ವಿಷಯದಲ್ಲಿ ನನಗೆ ನೆರವಾದದ್ದು ಶಾಲೆ ಕಾಣದ ತಂದೆಯವರ ಒಂದು ಮಾತು: ಮರವನ್ನು ಕಡಿದ ಮೇಲೂ ಅದು ನೀರು ಕುಡಿಯುವುದನ್ನು ಬಿಡುವುದಿಲ್ಲ.

ಸ್ನೂಕರ್ ಕ್ಯೂ ಸಾಮಾನ್ಯವಾಗಿ ಆಶ್ ಮರದ್ದು. ಪೂಲ್ ಆಟದ್ದು ಹೆಚ್ಚಾಗಿ ಮೇಪಲ್ ಮರದ್ದು. ಎರಡರಲ್ಲಿಯೂ ಸೂಕ್ಷ್ಮ ರಂಧ್ರಗಳುಂಟು. ಕೈಬೆವರೂ ಚಾಕಿನ ಪುಡಿಯೂ ಅವುಗಳಲ್ಲಿ ಸೇರಿ ಅಂಟಾಗುತ್ತವೆ. ಆಗ ಕೋಲು ಬೆರಳುಗಳ ಮೇಲೆ ಸರಾಗವಾಗಿ ಜಾರದು. ಆದುದರಿಂದ ಆಟ ಮುಗಿದೊಡನೆ ಒಣಗಿದ ಹತ್ತಿಬಟ್ಟೆಯಿಂದ ಒರೆಸುವುದೇ ಮೊದಲ ಪಾಠ. ಕೊಳೆ ಹೋಗದಿದ್ದರೆ ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ತಡಮಾಡದೆ ಒಣಬಟ್ಟೆಯಿಂದ ಉಜ್ಜಬೇಕು. ನೀರು ನಿಂತರೆ ಮರದ ಎಳೆಗಳು ಉಬ್ಬಿ ಮೈ ಒರಟಾಗುತ್ತದೆ. ಒರಟು ಉಪ್ಪುಕಾಗದವಂತೂ ಬೇಡವೇ ಬೇಡ. ಅದು ಕೊಳೆಯೊಡನೆ ಮರವನ್ನೂ ತಿನ್ನುತ್ತದೆ. ತೆಳುವಾದ ಕೋಲು ಮತ್ತೆ ದಪ್ಪವಾಗುವುದಿಲ್ಲ.

ಆಶ್ ಮರದ ಕ್ಯೂವಿಗೆ ವರ್ಷಕ್ಕೆ ಒಂದೆರಡು ಸಲ ಅಗಸೆ ಎಣ್ಣೆಯ ಕೆಲವೇ ಹನಿಗಳನ್ನು ಸವರಿ, ಹೆಚ್ಚಾದುದನ್ನು ಒರೆಸಿ, ಒಂದು ರಾತ್ರಿ ಬಿಟ್ಟು ಉಜ್ಜಿದರೆ ತೇವ ಒಳಸೇರುವುದು ಕಡಿಮೆಯಾಗುತ್ತದೆ. ಆ ಎಣ್ಣೆಬಟ್ಟೆಯನ್ನು ಮುದ್ದೆಮಾಡಿ ಎಸೆಯಬಾರದು. ಅಗಸೆ ಎಣ್ಣೆ ಗಾಳಿಯೊಡನೆ ಕೂಡಿ ಒಣಗುವಾಗ ಶಾಖ ಹುಟ್ಟಿ ಬೆಂಕಿ ಹತ್ತುವುದುಂಟು. ಹೊರಗೆ ಬಿಡಿಸಿ ಹರವಿ ಒಣಗಿಸಬೇಕು.

ಇನ್ನು ತುದಿಯ ಚರ್ಮದ ಟಿಪ್. ಅದು ಗುಮ್ಮಟದಂತೆ ದುಂಡಗಿರಬೇಕು. ಹೊಡೆತ ತಿಂದು ನುಣುಪಾಗಿ ಹೊಳೆಯತೊಡಗಿದರೆ ಚಾಕು ನಿಲ್ಲದೆ ಏಟು ಜಾರುತ್ತದೆ. ಆಗ ಮೇಲ್ಮೈಯನ್ನು ಹಗುರವಾಗಿ ಒರಟುಮಾಡಬೇಕು. ಚರ್ಮ ಸುಮಾರು 2 ಮಿಲಿಮೀಟರಿಗೆ ಸವೆದರೆ ಹೊಸದನ್ನು ಅಂಟಿಸುವುದೇ ಲೇಸು. ಚಾಕನ್ನು ತುದಿಗೆ ಹಗುರವಾಗಿ ಸವರಬೇಕೇ ಹೊರತು ಬುಗುರಿಯಂತೆ ತಿರುವಬಾರದು.

ಕೋಲನ್ನು ಗೋಡೆಗೆ ಒರಗಿಸಿಟ್ಟರೆ ಕಾಲಕ್ರಮದಲ್ಲಿ ಬಾಗುತ್ತದೆ. ಗೂಡಿನಲ್ಲಿ ನೇರವಾಗಿ ನಿಲ್ಲಿಸಬೇಕು, ಇಲ್ಲವೆ ಪೆಟ್ಟಿಗೆಯಲ್ಲಿ ಮಟ್ಟಸವಾಗಿ ಮಲಗಿಸಬೇಕು. ಬಿಸಿಲೂ ಮಳೆಗಾಲದ ಥಂಡಿಯೂ ತಾಗಬಾರದು. ಕೋಲು ನೆಟ್ಟಗಿದೆಯೇ ಎಂದು ತಿಳಿಯಲು ಬಡಗಿಯಂತೆ ಒಂದು ಕಣ್ಣು ಮುಚ್ಚಿ ಅದರ ಉದ್ದಕ್ಕೂ ನೋಡಿದರಾಯಿತು.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಮಾತೇಕೆ ಎಂದು ಸಹಪಾಠಿಗಳು ಕೇಳಬಹುದು. ಸ್ವಂತ ಕ್ಯೂ ಉಳ್ಳವನು ಅದನ್ನು ಪೆಟ್ಟಿಗೆಯಲ್ಲಿಟ್ಟು ಕಾಪಾಡುತ್ತಾನೆ. ಗೂಡಿನಲ್ಲಿರುವ ಕ್ಯೂ ಎಲ್ಲರದು. ಆದುದರಿಂದಲೇ ಅದನ್ನು ಒರೆಸುವವರಿಲ್ಲ. ಕೊಳ್ಳಲು ಶಕ್ತಿಯಿಲ್ಲದ ಹುಡುಗನೊಬ್ಬ ಮೊದಲ ಬಾರಿಗೆ ಆಟಕ್ಕೆ ಬಂದಾಗ ಅವನ ಕೈಗೆ ಸಿಗುವುದು ಅದೇ. ಕೋಲು ಬಾಗಿದ್ದು ಅವನಿಗೆ ತಿಳಿಯದು. ತನ್ನ ಕೈಯೇ ಸರಿಯಿಲ್ಲವೆಂದುಕೊಂಡು ಹಿಂದಿರುಗುತ್ತಾನೆ. ಅಂಥವರನ್ನು ನಾನು ಕಂಡಿದ್ದೇನೆ. ಆಟ ಮುಗಿಸಿದವರು ಅರ್ಧ ನಿಮಿಷ ಬಟ್ಟೆ ಹಿಡಿದರೆ ಸಾಕು, ಮುಂದೆ ಬರುವವನಿಗೆ ನೆಟ್ಟಗಿನ, ನಯವಾದ ಕೋಲು ದೊರೆಯುತ್ತದೆ.