ಮಿಸೋರ ಹಿಬಾರಿ: ಎಂಕಾ ಕೇಳಲು ಮೊದಲ ಪಾಠ

ಜಪಾನಿನ ಎಂಕಾ ಗಾಯನವನ್ನು ಹೊಸದಾಗಿ ಕೇಳುವವರು ಗಾಯಕಿ ಮಿಸೋರ ಹಿಬಾರಿಯಿಂದ ಆರಂಭಿಸುವುದು ಒಳ್ಳೆಯದು. ಭಾಷೆ ಬಾರದೆಂಬ ಅಳುಕು ಬೇಡ. ನಿಮಗೆ ಕರ್ನಾಟಕ ಸಂಗೀತದ ಪರಿಚಯ ಸ್ವಲ್ಪ ಇದ್ದರೂ ಅರ್ಧ ದಾರಿ ಸವೆದಂತೆಯೇ. ಎಂಕಾದ ಬಹಳಷ್ಟು ಹಾಡುಗಳು ಮಧ್ಯಮ, ನಿಷಾದಗಳನ್ನು ಬಿಟ್ಟೇ ನಡೆಯುತ್ತವೆ. ಒಂದು ಬಗೆಯಲ್ಲಿ ಉಳಿಯುವ ಐದು ಸ್ವರಗಳು ನಮ್ಮ ಮೋಹನ ರಾಗದವೇ. ಅದರಲ್ಲೇ ಗಾಂಧಾರ, ಧೈವತಗಳನ್ನು ತುಸು ಇಳಿಸಿದರೆ ದುಃಖದ ಹಾಡುಗಳ ಸ್ವರಗಳು ಸಿಗುತ್ತವೆ. ಇನ್ನು ಒಂದು ಅಕ್ಷರದ ಮೇಲೆ ನಿಂತು ದನಿಯನ್ನು ಸಣ್ಣದಾಗಿ ಹೊರಳಿಸುವುದುಂಟು. ಅದಕ್ಕೆ ಕೊಬುಶಿ ಎನ್ನುತ್ತಾರೆ. ಗಮಕ ಕೇಳಿ ಬೆಳೆದ ಕಿವಿಗೆ ಅದು ತಾನಾಗಿಯೇ ಗೊತ್ತಾಗುತ್ತದೆ.

ಹಿಬಾರಿ ಹುಟ್ಟಿದ್ದು 1937ರಲ್ಲಿ, ಯೊಕೊಹಾಮದಲ್ಲಿ. ಅಪ್ಪನದು ಮೀನಿನಂಗಡಿ. ಹುಟ್ಟುಹೆಸರು ಕಾತೊ ಕಝುಎ. ಎರಡನೇ ಮಹಾಯುದ್ಧದಲ್ಲಿ ಸೋತು ಸುಟ್ಟುಹೋಗಿದ್ದ ಊರುಗಳಲ್ಲಿ ಈ ಪುಟ್ಟ ಹುಡುಗಿ ದೊಡ್ಡವರ ಹಾಡು ಹಾಡುತ್ತ ವೇದಿಕೆ ಹತ್ತಿದಳು. ಮಗುವಿನ ಬಾಯಲ್ಲಿ ಪ್ರೇಮಗೀತೆಯೇ ಎಂದು ಮೂಗು ಮುರಿದವರಿದ್ದರು. ಜನ ಮಾತ್ರ ಮುಗಿಬಿದ್ದರು. 1949ರಲ್ಲಿ ಮೊದಲ ಧ್ವನಿಮುದ್ರಿಕೆ ಬಂತು. ಅದು ಎಂಕಾ ಅಲ್ಲ, ಅಮೆರಿಕದ ಬೂಗಿ ಶೈಲಿಯ ಹಾಡು! ಆಕೆ ಜಾಝ್ ಕೂಡ ಹಾಡಿದಳು, ಹತ್ತಾರು ಸಿನಿಮಾಗಳಲ್ಲಿ ನಟಿಸಿದಳು. ಎಂಕಾ ಎಂಬ ಪ್ರತ್ಯೇಕ ಪ್ರಕಾರ ಇಂದಿನ ಅರ್ಥದಲ್ಲಿ ಗಟ್ಟಿಯಾದದ್ದು 1960ರ ದಶಕದ ಕೊನೆಗೆ. ಹಾಗಾಗಿ ‘ಎಂಕಾ ರಾಣಿ’ ಎಂಬ ಬಿರುದು ಆಕೆಗೆ ಕೊಂಚ ಚಿಕ್ಕದೇ ಎಂದು ನನ್ನ ಅಭಿಪ್ರಾಯ.

ಸಂಗೀತ ಸಂಯೋಜಕ ಕೊಗಾ ಮಸಾವೊ ಕೊಟ್ಟ ಎರಡು ಹಾಡುಗಳನ್ನು ಒಟ್ಟಿಗೆ ಕೇಳಿ. 1964ರ ‘ಯಾವಾರ’ ಜೂಡೊ ಪಟುವಿನ ಹಾಡು. ಎದೆಯಿಂದ ಬರುವ ಗಂಡುದನಿಯಂಥ ಗತ್ತು ಅದರದು. ಮರುವರ್ಷ ಅದಕ್ಕೆ ಜಪಾನ್ ರೆಕಾರ್ಡ್ ಪ್ರಶಸ್ತಿ ಬಂತು. 1966ರ ‘ಕನಾಶೀ ಸಾಕೆ’ ಒಂಟಿಯಾಗಿ ಕುಡಿಯುತ್ತ ಕುಳಿತ ಹೆಣ್ಣಿನದು. ಅದನ್ನು ಹಾಡುವಾಗ ಹಿಬಾರಿಯ ಕೆನ್ನೆ ಮೇಲೆ ಕಣ್ಣೀರು ಇಳಿಯುತ್ತಿತ್ತು, ಶ್ರುತಿ ಮಾತ್ರ ಕದಲುತ್ತಿರಲಿಲ್ಲ. ದನಿ ಎದೆಯಿಂದ ತಲೆಗೆ ಜಾರುವ ಜಾಗವನ್ನು ಹಿಡಿಯಲು ಪ್ರಯತ್ನಿಸಿ, ಬೆಸುಗೆ ಕಾಣದು.

ಬದುಕು ಅಷ್ಟು ನಯವಾಗಿರಲಿಲ್ಲ. 1957ರಲ್ಲಿ ಅಭಿಮಾನಿ ಹುಡುಗಿಯೊಬ್ಬಳು ಆಸಿಡ್ ಎರಚಿದಳು. ಮದುವೆ ಎರಡೇ ವರ್ಷಕ್ಕೆ ಮುರಿಯಿತು. ತಮ್ಮನಿಗೆ ಯಾಕುಜಾ ಎಂಬ ಭೂಗತ ಗುಂಪುಗಳ ನಂಟಿದ್ದ ಕಾರಣ 1973ರಲ್ಲಿ ವರ್ಷಾಂತ್ಯದ ಪ್ರತಿಷ್ಠಿತ ಟಿವಿ ಗಾಯನ ಕಾರ್ಯಕ್ರಮಕ್ಕೆ ಆಕೆಯನ್ನು ಕರೆಯಲಿಲ್ಲ. ಸೊಂಟದ ಮೂಳೆ, ಯಕೃತ್ತು ಎರಡೂ ಕೈಕೊಟ್ಟು ಆಸ್ಪತ್ರೆ ಸೇರಿದ ಮರುವರ್ಷ, 1988ರ ಏಪ್ರಿಲ್‌ನಲ್ಲಿ, ಆಗಷ್ಟೇ ತೆರೆದಿದ್ದ ಟೋಕಿಯೊ ಡೋಮ್‌ನಲ್ಲಿ ನಿಂತು 39 ಹಾಡು ಹಾಡಿದಳು. 1989ರ ಜೂನ್ 24ರಂದು ತೀರಿಕೊಂಡಾಗ ವಯಸ್ಸು 52. ಮುಂದಿನ ತಿಂಗಳು ಜಪಾನ್ ಸರ್ಕಾರ ಕೊಟ್ಟ ರಾಷ್ಟ್ರೀಯ ಗೌರವ ಪ್ರಶಸ್ತಿ ಮಹಿಳೆಯೊಬ್ಬರಿಗೆ ಸಂದದ್ದು ಅದೇ ಮೊದಲು.

ಆಕೆಯ ಕೊನೆಗಾಲದ ಹಾಡು ‘ಕಾವಾ ನೊ ನಾಗಾರೆ ನೊ ಯೋ ನಿ’ಯೇ ಇಂದು ಎಲ್ಲರಿಗೂ ಮೊದಲು ಸಿಗುತ್ತದೆ. ನೀವು ಅದನ್ನು ಕಡೆಗೆ ಇಟ್ಟುಕೊಳ್ಳಿ. ‘ಕನಾಶೀ ಸಾಕೆ’ಯಿಂದ ಶುರುಮಾಡಿ.