ಅಪಜಯವೆಂಬ ಗುರು

ಜೀರ್ಣವಾದ ದೇವಾಲಯವನ್ನು ಉದ್ಧರಿಸುವವರು ಮೊದಲು ಸುಣ್ಣ ಬಳಿಯುವದಿಲ್ಲ. ಗೋಡೆ ಎಲ್ಲಿ ಬಿರಿದಿದೆ, ಮಳೆಯ ನೀರು ಎಲ್ಲಿಂದ ಇಳಿದಿದೆ, ಯಾವ ಕಲ್ಲು ತನ್ನ ಸ್ಥಾನವನ್ನು ಬಿಟ್ಟು ಸರಿದಿದೆ ಎಂಬುದನ್ನು ಪರೀಕ್ಷಿಸಿ, ಆ ಮೇಲೆಯೇ ಕೆಲಸಕ್ಕೆ ಕೈಹಚ್ಚುವರು. ಬಾಳಿನಲ್ಲಿ ಒದಗುವ ಅಪಜಯಗಳನ್ನೂ ನಾವು ಇದೇ ದೃಷ್ಟಿಯಿಂದ ವಿಚಾರಿಸತಕ್ಕದ್ದು. ನಮ್ಮಲ್ಲಿರುವ ಬಿರುಕನ್ನು ಗೆಲವು ಮರೆಮಾಡುವದು. ಸೋಲು ಬೆರಳಿಟ್ಟು ತೋರಿಸುವದು.

ಇದಕ್ಕೆ ದೃಷ್ಟಾಂತವನ್ನು ದೂರ ಅರಸಬೇಕಾಗಿಲ್ಲ. ನಮ್ಮ ಕಡೆಯ ತಾಲೀಮುಗಳಲ್ಲಿ ಪೈಲವಾನರು ಮಾರುತಿರಾಯನಿಗೆ ಕೈಮುಗಿದೇ ಕೆಂಪು ಮಣ್ಣಿಗೆ ಇಳಿಯುವರು. ಖಾಶಾಬಾ ದಾದಾಸಾಹೇಬ ಜಾಧವರು ಅಂತಹ ಮಣ್ಣಿನಲ್ಲಿ ಬೆಳೆದ ಮಲ್ಲರು. ಅವರು ಹುಟ್ಟಿದ್ದು 1926ರಲ್ಲಿ, ಕರಾಡದ ಬಳಿಯ ಗೋಳೇಶ್ವರ ಗ್ರಾಮದಲ್ಲಿ. ಓದಿದ್ದು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ. 1948ರಲ್ಲಿ ಲಂಡನ್ನಿನ ಒಲಿಂಪಿಕ್ ಪಂದ್ಯಗಳಿಗೆ ಅವರು ಹೊರಟಾಗ ಪ್ರಯಾಣದ ವೆಚ್ಚವನ್ನು ಕೊಲ್ಹಾಪುರದ ಮಹಾರಾಜರು ವಹಿಸಿದರು.

ಅಲ್ಲಿ ಅವರಿಗೆ ದೊರೆತುದು ಆರನೆಯ ಸ್ಥಾನ. ಬಲಕ್ಕೆ ಕೊರತೆಯಿರಲಿಲ್ಲ, ಆದರೆ ಕಣವು ಬೇರೆಯಾಗಿದ್ದಿತು. ನಮ್ಮ ಮಣ್ಣಿನ ಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ ಮಾಡಿದರೆ ಗೆಲವು. ಅಲ್ಲಿ ಮ್ಯಾಟಿನ ಮೇಲೆ ಸೆಣಸಬೇಕು. ಬೆನ್ನು ನೆಲಕ್ಕೆ ತಾಗದಿದ್ದರೂ ಪಂಚರ ತೀರ್ಪಿನಿಂದ ಜಯಾಪಜಯಗಳು ನಿರ್ಣಯವಾಗುವವು. ಕಾಲು ಊರುವ ಬಗೆಯೂ ನಿಯಮಗಳೂ ಅವರಿಗೆ ಹೊಸತಾಗಿದ್ದವು. ಊರ ಜಾತ್ರೆಯ ಕುಸ್ತಿಗಳನ್ನೇ ಗೆಲ್ಲುತ್ತಲಿದ್ದರೆ ಈ ಕೊರತೆಯು ಅವರ ಅರಿವಿಗೆ ಬರುತ್ತಿರಲಿಲ್ಲ. ಆರನೆಯ ಸ್ಥಾನವೇ ಅವರಿಗೆ ಮುಂದಿನ ನಾಲ್ಕು ವರ್ಷಗಳ ಪಾಠವನ್ನು ಹೇಳಿಕೊಟ್ಟಿತು.

ಆದರೆ ಎಲ್ಲ ಹಿನ್ನಡೆಗಳೂ ಒಂದೇ ಜಾತಿಯವಲ್ಲ. 1952ರ ಹೆಲ್ಸಿಂಕಿ ಪಂದ್ಯಗಳ ಆಯ್ಕೆಯಲ್ಲಿ ತಮಗೆ ಅನ್ಯಾಯವಾಯಿತೆಂದು ಅವರಿಗೆ ತೋರಿತು. ಅವರು ಶಪಿಸುತ್ತ ಕೂಡ್ರಲಿಲ್ಲ. ಪಟಿಯಾಲಾದ ಮಹಾರಾಜರಲ್ಲಿ ಮೊರೆಯಿಟ್ಟು, ಮತ್ತೊಂದು ಕುಸ್ತಿಯ ಅವಕಾಶವನ್ನು ಬೇಡಿ, ಅದನ್ನು ಗೆದ್ದು ತಮ್ಮ ಸ್ಥಾನವನ್ನು ಪಡೆದರು. ಬಳಿಕ ಹಣದ ಅಡಚಣಿ ಬಂದಿತು. ರಾಜಾರಾಮ ಕಾಲೇಜಿನ ಪ್ರಾಚಾರ್ಯ ಖರ್ಡೀಕರರು ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿಗಳನ್ನು ಒದಗಿಸಿದರು. ಗ್ರಾಮಸ್ಥರೂ ಕೈಲಾದಷ್ಟು ಕೊಟ್ಟರು.

ಹೆಲ್ಸಿಂಕಿಯಲ್ಲಿ ಬ್ಯಾಂಟಮ್‌ವೇಟ್ ವರ್ಗದಲ್ಲಿ ಜಾಧವರಿಗೆ ಕಂಚಿನ ಪದಕ ಲಭಿಸಿತು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಸ್ಪರ್ಧೆಯಲ್ಲಿ ದೊರೆತ ಮೊದಲನೆಯ ಒಲಿಂಪಿಕ್ ಪದಕವಿದು. ಅಂತಹ ಇನ್ನೊಂದು ಪದಕಕ್ಕಾಗಿ ದೇಶವು 1996ರವರೆಗೆ, ಅಂದರೆ 44 ವರ್ಷ, ಕಾಯಬೇಕಾಯಿತು. ಈ ಪದಕದೊಳಗೂ ಸೋಲುಗಳಿವೆಯೆಂಬುದನ್ನು ಮರೆಯಬಾರದು. ಚಿನ್ನವನ್ನು ಗೆದ್ದ ಜಪಾನಿನ ಇಶೀ, ಬೆಳ್ಳಿಯನ್ನು ಗೆದ್ದ ಸೋವಿಯತ್ ದೇಶದ ಮಮದ್‌ಬೆಯೋವ್, ಇವರಿಬ್ಬರಿಗೂ ಜಾಧವರು ಮಣಿಯಬೇಕಾಯಿತು. ಊರಿಗೆ ಮರಳಿದ ಮೇಲೆ ಕುಸ್ತಿಗಳನ್ನಾಡಿ, ಬಂದ ಹಣದಿಂದ ಅವರು ಪ್ರಾಚಾರ್ಯರ ಋಣವನ್ನು ತೀರಿಸಿದರು.

ಈ ಚರಿತ್ರೆಯಿಂದ ಮೂರು ಪಾಠಗಳನ್ನು ಗ್ರಹಿಸಬಹುದು. ನಮ್ಮ ಕೊರತೆಯಿಂದ ಬಂದ ಸೋಲನ್ನು ಅಭ್ಯಾಸದಿಂದ ತಿದ್ದಿಕೊಳ್ಳಬೇಕು. ಪರರಿಂದ ಬಂದ ಅನ್ಯಾಯವನ್ನು ಯೋಗ್ಯರ ಮುಂದೆ ಧೈರ್ಯದಿಂದಲೂ ವಿನಯದಿಂದಲೂ ಹೇಳಿಕೊಳ್ಳಬೇಕು. ಬಡತನದಂತಹ ಕಷ್ಟವನ್ನು ಹತ್ತು ಜನರ ನೆರವಿನಿಂದ ದಾಟಿ, ಆ ನೆರವನ್ನು ಮರೆಯದೆ ಇರಬೇಕು. ಇವುಗಳಲ್ಲಿ ಯಾವುದು ಯಾವುದೆಂದು ಅರಿಯದವನು ತನ್ನ ತಪ್ಪಿಗೆ ಪರರನ್ನು ದೂರುವನು. ಇಲ್ಲವೇ ಪರರ ತಪ್ಪಿಗೆ ತನ್ನನ್ನೇ ಹಳಿದುಕೊಳ್ಳುವನು. ಇಚಲಕರಂಜಿಯ ನೇಕಾರನು ಎಳೆ ಹರಿದಾಗ ಮಗ್ಗವನ್ನು ನಿಲ್ಲಿಸಿ, ಹರಿದ ಎಳೆಯನ್ನೇ ಹುಡುಕಿ ಗಂಟುಹಾಕುವನು. ನೋಡದೆ ನೇಯ್ದರೆ ಬಟ್ಟೆಯ ಉದ್ದಕ್ಕೂ ದೋಷ ಉಳಿಯುವದು.

ಸೋತವರೆಲ್ಲ ಒಂದು ದಿನ ಪದಕ ಪಡೆಯುವರೆಂದು ಹೇಳಿದರೆ ಅದು ಸತ್ಯವಾಗದು. ಜಯಾಪಜಯಗಳನ್ನು ಸಮವಾಗಿ ಕಾಣಬೇಕೆಂದು ಶ್ರೀಮದ್ಭಗವದ್ಗೀತೆಯು ಬೋಧಿಸುವದು. ಸಮವಾಗಿ ಕಾಣುವದೆಂದರೆ ಅಪಜಯವನ್ನು ಅಲಕ್ಷಿಸುವದೆಂದು ಅರ್ಥವಲ್ಲ. ಅದರ ಮುಂದೆ ಎದೆಗುಂದದೆ ಕುಳಿತು ಅದರ ಮಾತನ್ನು ಪೂರ್ತಿಯಾಗಿ ಕೇಳುವದೆಂದು ಅರ್ಥ.

ಗಡಹಿಂಗ್ಲಜದ ಸುತ್ತಲಿನ ಎಷ್ಟೋ ಮನೆಗಳಲ್ಲಿ ಮಗುವು ತಾಯಿಯೊಡನೆ ಕನ್ನಡವಾಡಿ, ಶಾಲೆಯಲ್ಲಿ ಮರಾಠಿಯನ್ನು ಓದುವದು. ಮೊದಲ ವರ್ಷ ಅದು ತಡವರಿಸಿದರೆ ದಡ್ಡನೆಂದು ಜರೆಯಬಾರದು. ಮಣ್ಣಿನ ಮಲ್ಲನಿಗೆ ಮ್ಯಾಟು ಹೇಗೋ, ಆ ಮಗುವಿಗೆ ಹೊಸ ಭಾಷೆಯೂ ಹಾಗೆಯೇ. ಗುಣಪತ್ರಿಕೆಯನ್ನು ಹಿಡಿದು ಬಂದ ಮಗುವನ್ನು ಹತ್ತಿರ ಕೂಡ್ರಿಸಿಕೊಂಡು, ಯಾವ ಮಾತು ತಿಳಿಯಲಿಲ್ಲವೆಂದು ಕೇಳುವ ತಂದೆತಾಯಿಗಳು ಗೋಡೆಯ ಬಿರುಕನ್ನು ಕಂಡುಹಿಡಿದಂತೆಯೇ ಸರಿ. ಉದ್ಧಾರದ ಕೆಲಸವು ಅಲ್ಲಿಂದ ಆರಂಭವಾಗುವದು.